ಬಂಪರಿನ ಕಪ್ಪು

ಹೆಂಡತಿ ಬಿಸಿಗಾಳಿ ಗನ್ನನ್ನು ಮೂರನೇ ಸಲ ಕಾರಿನ ಬಂಪರಿನ ಅದೇ ಜಾಗದ ಮೇಲೆ ಆಡಿಸಿದಳು. ಬಿಸಿಲಿಗೆ ಮಾಸಿದ ಆ ಕಪ್ಪು ಪ್ಲಾಸ್ಟಿಕ್ ಮಾತ್ರ ಬೂದಿ ಬಳಿದಂತೆ ಬೆಳ್ಳಗೇ ಇತ್ತು. ನಾಲ್ಕು ಗಂಟೆಗೆ ಟ್ಯಾಕ್ಸಿ ಕಂಪನಿಯವರು ಕಾರು ನೋಡಲು ಬರುತ್ತಾರೆ. ಹಳೇದಾಗಿ ಕಂಡರೆ ಇವತ್ತೇ ಪಟ್ಟಿಯಿಂದ ಕಿತ್ತು ಹಾಕುತ್ತಾರೆ, ಕಾರನ್ನೂ ಅದನ್ನು ಓಡಿಸುವ ಗಂಡನನ್ನೂ ಒಟ್ಟಿಗೇ.

"ಹಂಗೇ ನನ್ನ ತಲೆಗೂ ಸ್ವಲ್ಪ ಹಿಡಿಯೇ, ಕಪ್ಪಾಗ್ಲಿ!" ಕಾರಿನೊಳಗೆ ಸ್ಟೀರಿಂಗ್ ಒರೆಸುತ್ತಿದ್ದ ಗಂಡ ಕೂಗಿದ.

"ಇರೋ ನಾಲ್ಕು ಕೂದ್ಲೂ ಸುಟ್ಟೋದಾವು, ಸುಮ್ನಿರಿ!" ಎಂದು ನಕ್ಕಳು. ಕಳೆದ ಎರಡು ವರ್ಷವೂ ಹೀಗೆ ಕಾಯಿಸಿದಾಗ ಪ್ಲಾಸ್ಟಿಕ್ಕಿನೊಳಗಿನ ಎಣ್ಣೆ ಮೇಲೆದ್ದು, ಬಂಪರ್ ಆಗಷ್ಟೇ ಅಂಗಡಿಯಿಂದ ತಂದಂತೆ ಕಪ್ಪಾಗಿತ್ತು. ಈ ಸಲ ಮೇಲೇಳುವುದಕ್ಕೆ ಒಳಗೆ ಏನೂ ಉಳಿದಿಲ್ಲ ಎಂದು ಅವಳಿಗೆ ಗೊತ್ತಾಗಿಹೋಯಿತು. ಗೊತ್ತಾಗಿಯೂ ಮನಸ್ಸು ಕೇಳದೆ ಗನ್ನನ್ನು ಇನ್ನಷ್ಟು ಹತ್ತಿರ ಹಿಡಿದಳು. ಬಂಪರಿನ ಅಂಚು ಮೆತ್ತಗಾಗಿ, ಅಳುವ ಮಗುವಿನ ತುಟಿಯ ಹಾಗೆ ಕೆಳಗೆ ಜೋತುಬಿತ್ತು.

"ಬಂತೇನೇ ಬಣ್ಣ?" ಗಂಡ ಮತ್ತೆ ಕೇಳಿದ. "ಇಳಿದು ಬರ್ಲಾ?"

"ಬರ್ತಾ ಇದೆ, ಬರ್ತಾ ಇದೆ! ನೀವು ಅಲ್ಲೇ ಇರಿ," ಎಂದಳು. ಗನ್ ಆರಿಸಲಿಲ್ಲ. ಅದರ ಸದ್ದು ಅವನಿಗೆ ಕೇಳುತ್ತಲೇ ಇರಲಿ ಎಂದು, ಬರೀ ಗಾಳಿಗೆ ಹಿಡಿದುಕೊಂಡು ನಿಂತಳು.