ಎರಡು ಕಾನೂನು, ಒಂದು ಗಡಿಗೆ

ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ಬೇವಿನ ಮರದ ಕೆಳಗೆ ಕಳಕಮ್ಮ ಒಂದು ಖಾಲಿ ತಾಮ್ರದ ಗಡಿಗೆಯನ್ನು ಇಳಿಸಿದ ಕೂಡಲೇ ಇಬ್ಬರು ವಕೀಲರೂ ಎದ್ದು ನಿಂತರು.

“ಇದ್ಯಾಕ?” ಎಂದ ಆಚೆ ದಂಡೆಯ ವಕೀಲ.

“ಅನ್ನಾ ಮಾಡಿ ನೋಡಿದ್ರ ಗೊತ್ತಾಗ್ತೈತ್ರಿ. ಹಳೇ ಅಕ್ಕಿಗೆ ಹೊಸಾದು ಕೂಡಿಸಿದ್ರ ಒಂದು ಅಗಳು ಮುದ್ದಿ ಆಗ್ತೈತಿ, ಇನ್ನೊಂದು ಹಲ್ಲಿಗೆ ಸಿಗ್ತೈತಿ.”

“ಅದು ಖರೇ ಐತವ್ವ,” ಎಂದ ಈಚೆ ದಂಡೆಯ ವಕೀಲ. ಅವನು ಕಳಕಮ್ಮನ ಕಡೆಯವನೇ. “ಆದ್ರ ಯಾವ ಸೀಮಿ ಕಾನೂನಿನ ಪ್ರಕಾರ ಬೇಯಸೋದು ಅನ್ನೋದು ಮೊದಲು ತೀರ್ಮಾನ ಆಗಬೇಕಲ್ಲವಾ?”

ನಿಜಾಮರ ಸೀಮೆಯ ಗಂಗಾವತಿಯ ಕಳಕಮ್ಮ ಗಂಡ ಸತ್ತ ಮೇಲೆ ಅಕ್ಕಿ ವ್ಯಾಪಾರವನ್ನು ತಾನೇ ನಡೆಸುತ್ತಿದ್ದಳು. ಹೊಳೆಯಾಚೆ ಇಂಗ್ಲಿಷರ ಸೀಮೆಯ ಹೊಸಪೇಟೆಯ ಅಂದಪ್ಪನಿಗೆ ನಲವತ್ತು ಚೀಲ ಹಳೆಯ ಅಕ್ಕಿ ಕಳಿಸಿದ್ದಳು. ಹೊಸ ಅಕ್ಕಿ ಬೆರೆಸಿದ್ದಾಳೆಂದು ಅಂದಪ್ಪ ಕಾಗದ ಬರೆದ. ಬರೆದು ಸುಮ್ಮನಿರಲಿಲ್ಲ, ಪೇಟೆಯಲ್ಲೂ ಹೇಳಿಕೊಂಡು ತಿರುಗಿದ. “ಚೀಲ ವಾಪಸ್ ತಗೋತೀನಿ, ಅವರು ಮಾತು ವಾಪಸ್ ತಗೋಬೇಕು” ಎಂದು ಕಳಕಮ್ಮ ಹಟ ಹಿಡಿದಳು. ಆ ಮಾತು ಅಂಟಿಕೊಂಡರೆ ಎರಡೂ ದಂಡೆಯಲ್ಲಿ ಅವಳ ಚೀಲವನ್ನು ಯಾರೂ ಬಿಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಕರಾರು ಪತ್ರದಲ್ಲಿ ತಂಟೆ ಬಂದರೆ ಮೆಹಬೂಬಸಾಬರ ಪಂಚಾಯ್ತಿಗೆ ಬಿಡಬೇಕೆಂದು ಬರೆದಿತ್ತು. ನಲವತ್ತು ವರ್ಷ ಅಕ್ಕಿ ದಲ್ಲಾಳಿಯಾಗಿದ್ದ ಮುದುಕ. ಅಂದಪ್ಪನ ಅಂಗಡಿಯಲ್ಲಿ ಎಲ್ಲರ ಮುಂದೆ ಚೀಲಗಳಿಂದ ತೆಗೆದು, ಅರಗಿನ ಮೊಹರು ಹಾಕಿದ ಸೇರಕ್ಕಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತೀರ್ಪು ಹೇಳುವ ತನಕ ಪಂಚನಾದವನು ಪರರ ಅನ್ನ ನೀರು ಮುಟ್ಟಬಾರದೆಂಬುದು ದಲ್ಲಾಳಿಗಳ ಪದ್ಧತಿ. ಹಾಗಾಗಿ ತಮ್ಮ ತತ್ರಾಣಿಯಲ್ಲಿ ತಮ್ಮ ನೀರು ತಂದಿದ್ದರು.

ಎರಡೂ ದಂಡೆಗೆ ಸಮ ಎಂದು ಈ ನಡುಗಡ್ಡೆಯನ್ನು ಆರಿಸಿದವರೂ ಸಾಬರೇ. ಅದೇ ತಪ್ಪಾಯಿತು. ಕೂತ ನೆಲ ನಿಜಾಮರದು, ಆದ್ದರಿಂದ ನಿಜಾಮರ ಕಾನೂನು ಎಂದ ಈಚೆಯವನು. ಕರಾರು ಬರೆದದ್ದು ಹೊಸಪೇಟೆಯಲ್ಲಿ, ಆದ್ದರಿಂದ ಇಂಗ್ಲಿಷರ ಕಾನೂನು, ಅದೂ ಹೋದ ವರ್ಷವೇ ಹೊಸದಾಗಿ ಬಂದದ್ದು ಎಂದ ಆಚೆಯವನು. ತೀರ್ಪು ಉರ್ದುವಿನಲ್ಲೋ ಇಂಗ್ಲಿಷಿನಲ್ಲೋ, ಛಾಪಾ ಕಾಗದ ಯಾವ ಸರಕಾರದ್ದೋ ಎಂದು ಪುಸ್ತಕ ತೆಗೆದು ಕೂತರು. ಕಳಕಮ್ಮನಿಗೆ ಎರಡೂ ಭಾಷೆ ಬರುತ್ತಿರಲಿಲ್ಲ. ಅಂದಪ್ಪನಿಗೂ ಬರುತ್ತಿರಲಿಲ್ಲ, ಆದರೆ ಅವನು ತಲೆಯಾಡಿಸುತ್ತಿದ್ದ.

ತಾಸು ಹೊತ್ತಿನ ಕೆಲಸವೆಂದು ಯಾರೂ ಬುತ್ತಿ ತಂದಿರಲಿಲ್ಲ. ಬೆಳಿಗ್ಗೆ ಇವರನ್ನು ಇಳಿಸಿ ಹೋದ ಅಂಬಿಗರ ಹೊಳಿಯಪ್ಪ ಆಚೆ ದಂಡೆಯಲ್ಲಿ ಮದುವೆಯ ದಿಬ್ಬಣಕ್ಕೆ ಸಿಕ್ಕಿಬಿದ್ದಿದ್ದ. ಹರಿಗೋಲು ಸಂಜೆಯ ತನಕ ಬರುವಂತಿರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಆಚೆಯ ವಕೀಲ ಗಡಿಗೆಯ ಕಡೆ ನೋಡಿದ.

“ಮಾಲು ಪರೀಕ್ಷಾ ಮಾಡಬಾರದು ಅಂತ ನಮ್ಮ ಕಾನೂನಿನಾಗ ಎಲ್ಲೂ ಇಲ್ಲ.”

“ನಮ್ಮದರಾಗೂ ಇಲ್ಲ.”

ಬೆಳಗಿನಿಂದ ಎರಡು ಸರಕಾರಗಳು ಒಪ್ಪಿದ್ದು ಇದೊಂದನ್ನೇ. ಸಾಬರು ಮೊಹರು ಒಡೆದು ಗಂಟನ್ನು ಕೊಟ್ಟರು. ಕಳಕಮ್ಮ ಮೂರು ಕಲ್ಲು ಹೂಡಿ ಎಸರಿಟ್ಟಳು. ಇಪ್ಪತ್ತು ವರ್ಷ ಅನ್ನ ಮಾಡಿದವಳು ಅಂದು ನೀರನ್ನು ಎರಡು ಸಲ ಅಳೆದಳು. ನೀರು ಒಂದು ಚೂರು ಹೆಚ್ಚಾದರೂ ಅನ್ನದ ಜೊತೆ ಅವಳ ಹೆಸರೂ ಮುದ್ದೆಯಾಗುತ್ತಿತ್ತು.

ಗಡ್ಡೆಯ ಗುಡಿಸಲಿನಿಂದ ಮಜ್ಜಿಗೆ, ಉಪ್ಪು, ಬಾಳೆ ಎಲೆ ಸಿಕ್ಕವು. ಅಂದಪ್ಪ ಮೊದಲ ತುತ್ತನ್ನು ಅನುಮಾನದಿಂದಲೇ ಅಗಿದ. ಎರಡನೆಯ ಸಲ “ಸ್ವಲ್ಪ ಹಾಕ್ರಿ” ಎಂದ. ಮೂರನೆಯ ಸಲ ಎಲೆಯನ್ನೇ ಮುಂದಕ್ಕೆ ಸರಿಸಿದ. ವಕೀಲರೂ ಹಿಂದೆ ಬೀಳಲಿಲ್ಲ. ಬೇವಿಗೆ ಬೆನ್ನು ಕೊಟ್ಟಿದ್ದ ಸಾಬರು ತಮ್ಮ ನೀರು ಕುಡಿಯುತ್ತ ನೋಡುತ್ತಿದ್ದರು.

ಕೈ ತೊಳೆದು ಬಂದ ಆಚೆಯ ವಕೀಲ ಪುಸ್ತಕ ಬಿಚ್ಚಿದ. “ಹಂಗಾರ ಛಾಪಾ ಕಾಗದದ ಮಾತು...”

“ತೀರ್ಪು ಆತಲ್ರಿ,” ಎಂದರು ಸಾಬರು.

“ಯಾವಾಗ? ಯಾರು ಕೊಟ್ರು?”

“ಅಂದಪ್ಪನೋರು. ಮೂರು ಸಲ ಕೊಟ್ರು.”

“ಹಸಿವು ರುಚಿ ಕಾಣದು ಸಾಬ್ರ. ಅದು ಪುರಾವೆ ಅಲ್ಲ.”

“ಮೊದಲ್ನೇ ಸಲ ಉಂಡಿದ್ದು ಹಸಿವಿಗೆ. ಮೂರ್ನೇ ಸಲ ಎಲಿ ಸರಿಸಿದ್ದು ಅಕ್ಕಿಗೆ. ಹಲ್ಲಿಗೆ ಸಿಕ್ತು ಅಂತ ಯಾರರ ಒಂದು ಅಗಳು ಉಗುಳ್ಯಾರೇನು? ಎಲಿ ನೋಡ್ರಿ.”

ಎಲ್ಲರೂ ಎಲೆ ನೋಡಿದರು. ಮೂರೂ ತೊಳೆದಿಟ್ಟಂತಿದ್ದವು. ಅಂದಪ್ಪ ತನ್ನ ಎಲೆಯನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ.

“ಮಾತು ವಾಪಸ್ ತಗೊಂಡೆ ಕಳಕವ್ವ. ಪ್ಯಾಟಿಯೊಳಗೂ ಹೇಳ್ತೀನಿ.”

ಕಳಕಮ್ಮನಿಗೆ ಅಳು ಬಂತು. ಮರೆಮಾಡದೆ ಅತ್ತಳು. ವಕೀಲರು ಅದನ್ನು ಯಾವ ಭಾಷೆಯಲ್ಲೂ ಬರೆದುಕೊಳ್ಳಲಿಲ್ಲ.

ಸಾಬರು ಒಂದು ಬಾಳೆ ಎಲೆ ಎಳೆದುಕೊಂಡು ನೀರು ಚಿಮುಕಿಸಿದರು. “ಪಂಚಾಯ್ತಿ ಮುಗೀತು. ಇನ್ನ ನಾನೂ ಉಣಬಹುದು. ನೀಡವ್ವ.”

ಕಳಕಮ್ಮ ಕಣ್ಣೊರೆಸಿಕೊಂಡು ಗಡಿಗೆಗೆ ಸೌಟು ಹಾಕಿದಳು. ಅದು ಠಣ್ ಎಂದು ತಳಕ್ಕೆ ಬಡಿಯಿತು.

“ಈ ಸಪ್ಪಳಾನೂ ಬರಕೊಳ್ರಿ ವಕೀಲ್ರ,” ಎಂದರು ಸಾಬರು, ತತ್ರಾಣಿ ಎತ್ತಿಕೊಳ್ಳುತ್ತ. “ಎರಡೂ ಕಾಗದದಾಗ.”