ಅಪ್ಪನಿಗೆ ಎರೆದ ನೀರು

ಲೇತ್ ಮಷೀನಿನ ಎಣ್ಣೆಯ ವಾಸನೆ ಬಂದರೆ ಈಗಲೂ ಪೀಣ್ಯದ ನಮ್ಮ ಒಂದೇ ಕೋಣೆಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪನ ಫ್ಯಾಕ್ಟರಿ ಅಂಗಿ ಇನ್ನೂ ಗೂಟದಲ್ಲೇ ಇತ್ತು. ಕುಡಿದು ಕುಡಿದೇ ಸತ್ತ ಅವನ ಹೆಸರಿನಲ್ಲಿ ಅಮ್ಮ ಬೌದ್ಧ ಭಿಕ್ಷುವೊಬ್ಬರಿಗೆ ಊಟ ಬಡಿಸಿದ್ದಳು. ಆ ದಾನದ ಪುಣ್ಯ ಅವನಿಗೆ ಸೇರಲೆಂದು, ಬಟ್ಟಲು ತುಂಬಿ ಹರಿಯುವವರೆಗೆ ತಂಬಿಗೆಯಿಂದ ನೀರು ಎರೆಯಬೇಕಿತ್ತು.

“ಇದು ಅವ್ರಿಗೆ ಮುಟ್ತದಾ ಭಂತೇಜಿ?” ಎರೆಯುತ್ತಲೇ ಅಮ್ಮ ಕೇಳಿದಳು.

“ಕೊಡೋದು ನಿಮ್ಮ ಕೈಲಿದೆ ತಾಯಿ. ಅದನ್ನ ಕಂಡು ಅವರ ಮನಸ್ಸು ಸಂತೋಷಪಟ್ರೆ ಮಾತ್ರ ಅವರಿಗೆ ಮುಟ್ಟುತ್ತೆ. ಇನ್ನೊಬ್ಬರ ಮನಸ್ಸನ್ನ ನಾವು ತಿರುಗಿಸೋಕಾಗಲ್ಲ,” ಎಂದರು ಭಿಕ್ಷು.

“ಪಕ್ಕದಲ್ಲಿದ್ದಾಗ್ಲೇ ಕುಡೀಬ್ಯಾಡ ಅಂದ್ರೆ ಕೇಳ್ಲಿಲ್ಲ. ಈಗ ಕೇಳ್ತಾರಾ?”

ಬಟ್ಟಲು ತುಂಬಿ ನೀರು ಚಾಪೆಗೆ ಹರಿಯಿತು.

“ಸಾಕು ಬಿಡವ್ವ, ಚಾಪೆ ನೆಂದೋಯ್ತು. ಹೆತ್ತೋಳ್ ಮಾತೂ ಕೇಳ್ದೋನಲ್ಲ ಅವ್ನು,” ಎಂದಳು ಪಕ್ಕದಲ್ಲಿ ಕೂತಿದ್ದ ಅಪ್ಪನ ತಾಯಿ, ನನ್ನಜ್ಜಿ.

ತಂಬಿಗೆ ಆಗಲೇ ಖಾಲಿಯಾಗಿತ್ತು. ಅಮ್ಮ ಅದನ್ನು ಬಗ್ಗಿಸಿಯೇ ಹಿಡಿದಿದ್ದಳು.