ನೀರು ಬಂದ ಮೆಟ್ಟಿಲು

ಬಾಗಿಲು ಬಡಿದ ಸದ್ದಿಗೆ ಡೊರೀನ್ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದಿಟ್ಟಳು. ಎರಡು ಗಂಟೆಯಿಂದ ಬೇಯುತ್ತಿದ್ದ ಕೋಸಿನ ನಾತ ಮನೆಯಿಡೀ ಹಬ್ಬಿತು. ಅದು ಪಕ್ಕದ ಮನೆಯ ಮೇವಿಸ್ ಹೇಳಿಕೊಟ್ಟ ಉಪಾಯ. "ಮನೆ ನೋಡೋಕೆ ಬಂದೋರು ಮೂಗು ಮುಚ್ಕೊಂಡು ಓಡ್ಬೇಕು. ಗೋಡೆಯ ತೇವ ತೋರ್ಸು, ಹೊಳೆ ತೋರ್ಸು. ನಿನ್ನ ಆ ನಗುಮುಖ ಮಾತ್ರ ತೋರಿಸ್ಬೇಡ ಕಣೇ!"

ಇಪ್ಪತ್ತಾರು ವರ್ಷದಿಂದ ಡೊರೀನ್ ಬಾಡಿಗೆಗಿದ್ದ ಮನೆ ಅದು. ಊರಿನ ವಾರಪತ್ರಿಕೆ ಮಾರಾಟವಾದ ಮನೆಗಳ ಬೆಲೆಯನ್ನು ಬೀದಿಬೀದಿಯ ಲೆಕ್ಕದಲ್ಲಿ ಅಚ್ಚುಹಾಕುತ್ತದೆ. ಇದೇ ಓಣಿಯ ಐದನೇ ನಂಬರು ಎರಡು ಲಕ್ಷ ನಲವತ್ತು ಸಾವಿರ ಪೌಂಡಿಗೆ ಹೋಯಿತೆಂದು ಓದಿದ್ದೇ ತಡ, ಮಾಲೀಕ ಆಸ್ಕ್ಯೂಗೂ ಮಾರುವ ಮನಸ್ಸಾಯಿತು. "ಶುಕ್ರವಾರದೊಳಗೆ ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳದಿದ್ರೆ ಅದೇ ಬೆಲೆಗೆ ಮನೆ ನಿಮ್ಮದೇ ಕಣ್ರೀ," ಎಂದಿದ್ದ. ಅಕ್ಕ ಸಾಯುವಾಗ ಬಿಟ್ಟುಹೋದದ್ದಕ್ಕೆ ಸಂತೆಯಲ್ಲಿ ಬ್ರೆಡ್ಡು ಮಾರಿ ಉಳಿಸಿದ್ದನ್ನೆಲ್ಲ ಸೇರಿಸಿದರೆ ಅವಳ ಬಳಿ ಇದ್ದದ್ದು ಸರಿಯಾಗಿ ಅಷ್ಟೇ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಕ್ಕಸನ ಜೀವವಿದ್ದ ಹಾಗೆ ಡೊರೀನಳ ಜೀವವೆಲ್ಲ ಆ ಶುಕ್ರವಾರದಲ್ಲಿ ಕೂತಿತ್ತು. ಇವತ್ತು ಗುರುವಾರ. ಬಂದವರೇ ಕೊನೆಯವರು.

ಮನೆ ಮಾರಿಸಿಕೊಡುವ ಟ್ಯಾಮ್ಸಿನ್ ಜೊತೆ ಲಂಡನ್ನಿನ ಗಂಡಹೆಂಡತಿ ಮಳೆಯಲ್ಲಿ ನೆನೆದು ತೊಟ್ಟಿಕ್ಕುತ್ತ ನಿಂತಿದ್ದರು. ಹೆಂಡತಿ ಜೋಸ್ಲಿನ್‌ಳ ತುಟಿ ಚಳಿಗೆ ನೀಲಿಗಟ್ಟಿತ್ತು. ಡೊರೀನಳ ಕೈ ತಾನಾಗಿಯೇ ಕೆಟಲಿನ ಕಡೆ ಹೋಯಿತು. ಮತ್ತೆ ಆ ಕೈಯೇ ಕೋಸಿಗೆ ಮುಚ್ಚಳ ಹಾಕಿ ಕಿಟಕಿ ತೆರೆಯಿತು. ಬಂದವರನ್ನು ನಾತದಲ್ಲಿ ಕೂರಿಸುವುದುಂಟೇ?

"ಈ ಮನೇಲಿ ಏನು ತೊಂದರೆ ಇದೆ? ನಿಜ ಹೇಳ್ಬಿಡಿ," ಬಿಸಿ ಚಹದ ಲೋಟವನ್ನು ಅಂಗೈಯಲ್ಲಿ ಹಿಡಿದು ಜೋಸ್ಲಿನ್ ಕೇಳಿದಳು.

ಡೊರೀನ್ ಕಾದಿದ್ದದ್ದೇ ಇದಕ್ಕೆ. "ಒಂದಾ ಎರಡಾ! ಚರ್ಚಿನ ಗಂಟೆ ಕಾಲು ಗಂಟೆಗೊಮ್ಮೆ ಬಡಿಯುತ್ತೆ. ನಮ್ಮೋರು ಹಾಸಿಗೆ ಹಿಡಿದಾಗ ಅದನ್ನ ಎಣಿಸ್ಕೊಂಡೇ ಔಷಧಿ ಕೊಡ್ತಿದ್ದೆ. 'ಗಂಟೆಗಿಂತ ನೀನೇ ಮುಂದೆ ಕಣೇ' ಅಂತ ರೇಗಿಸೋರು."

"ಹೊಳೆ ನೀರು ಒಳಗೆ ಬರುತ್ತಾ?" ಗಂಡ ಕೇಳಿದ.

"ಬರ್ದೆ ಏನು! ಒಂದ್ಸಲ ಐದನೇ ಮೆಟ್ಟಿಲಿಗೇ ಬಂದಿತ್ತು. ಮೇವಿಸ್‌ದು ಒಂದೇ ಅಂತಸ್ತು ನೋಡಿ, ಅವಳ ಸಂಸಾರವೆಲ್ಲ ಬಂದು ಈ ಮೆಟ್ಟಿಲುಗಳ ಮೇಲೇ ಸಾಲಾಗಿ ಕೂತಿತ್ತು. ಅವಳ ಕುರ್ಚಿ ನಮ್ಮ ಕಣ್ಣೆದುರೇ ಸಂತೆಮಾಳದ ಕಡೆ ತೇಲ್ಕೊಂಡು ಹೊರಟಿತು. 'ಹೋಗು, ನನಗೂ ಒಂದು ಬ್ರೆಡ್ಡು ತಗೊಂಡು ಬಾ' ಅಂದಳು ಮೇವಿಸ್. ನಕ್ಕೂ ನಕ್ಕೂ..."

ಡೊರೀನ್ ತಟ್ಟನೆ ನಿಲ್ಲಿಸಿದಳು. ಬೈಯಲು ಹೊರಟ ನಾಲಿಗೆ ಮನೆಯನ್ನು ಮುದ್ದಿಸಿ ಬಂದಿತ್ತು. ಜೋಸ್ಲಿನ್ ಮೆಟ್ಟಿಲ ಕಟಕಟೆಯನ್ನು ಕರುವಿನ ಬೆನ್ನು ಸವರುವಂತೆ ಸವರುತ್ತಿದ್ದಳು.

ಹೊರಡುವಾಗ ಆಕೆ ಡೊರೀನಳ ಕೈ ಹಿಡಿದುಕೊಂಡಳು. "ಇಂಥ ಮನೆ ಬಿಟ್ಟು ಹೋಗೋಕೆ ನಿಮಗಾದ್ರೂ ಹೇಗೆ ಮನಸ್ಸು ಬಂತು?"

ಟ್ಯಾಮ್ಸಿನ್ ನೆಲ ನೋಡಿದಳು. ಆ ಕ್ಷಣದಲ್ಲಿ, ಮನೆ ಕೊಳ್ಳಲು ಕಾದಿರುವವಳು ತಾನೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮನೆಗೆ ಬಂದವರ ಮುಖ ಬಾಡಿಸುವುದು ಹೇಗೆಂದು ಡೊರೀನಳಿಗೆ ಯಾರೂ ಕಲಿಸಿರಲಿಲ್ಲ.

"ಹೊಸಿಲು ಜಾರುತ್ತೆ, ನೋಡ್ಕೊಂಡು ಇಳೀರಿ," ಎಂದಳು.

ಮರುದಿನ ಮಧ್ಯಾಹ್ನ ಟ್ಯಾಮ್ಸಿನ್ ಡೊರೀನಳಿಗೆ ಫೋನು ಮಾಡಿದಳು. "ಎರಡು ಲಕ್ಷ ತೊಂಬತ್ತೈದು ಸಾವಿರ, ಮಿಸೆಸ್ ಥ್ರೇಲ್. ಈ ಓಣೀಲಿ ಇಷ್ಟು ಯಾವ ಮನೆಗೂ ಬಂದಿಲ್ಲ. ನಾನೇನು ಹೇಳ್ಲಿ... ಮನೆ ಮಾರಿದ್ದು ನಾನಲ್ಲ, ನೀವು."

ಡೊರೀನ್ ಇನ್ನೊಂದು ಕೈಯಿಂದ ಕೋಸಿನ ಪಾತ್ರೆಯ ಮುಚ್ಚಳ ಸರಿಮಾಡಿದಳು.

"ಇನ್ನೊಂದು, ಕೇಳೋಕೆ ನಾಚಿಕೆ ಆಗುತ್ತೆ. ಅವತ್ತು ನೀರು ಎಲ್ಲೀವರೆಗೆ ಬಂದಿತ್ತು ಅಂತ ಗೋಡೆ ಮೇಲೆ ಒಂದು ಗುರುತು ಹಾಕಿ ಹೋಗ್ತೀರಾ ಅಂತ ಆ ಗಂಡಹೆಂಡತಿ ಕೇಳಿದಾರೆ. ಬಂದೋರಿಗೆ ತೋರಿಸೋಕೆ."

"ಅದಕ್ಕೇನಂತೆ," ಎಂದಳು ಡೊರೀನ್.

ಪೆನ್ಸಿಲು ಹುಡುಕಿ ಐದನೇ ಮೆಟ್ಟಿಲ ಮಟ್ಟಕ್ಕೆ, ಕೆಳಗಿನ ಬಾಗಿಲವರೆಗೂ, ಗೋಡೆಯುದ್ದಕ್ಕೆ ನೇರವಾಗಿ ಗೆರೆ ಎಳೆದಳು. ಒಂದು ಕಡೆ ಸೊಟ್ಟಗಾಗಿತ್ತು, ಅಳಿಸಿ ತಿದ್ದಿದಳು. ಆಮೇಲೆ ಅಲ್ಲೇ ಕಲ್ಲುನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಗೆರೆ ಅವಳ ನೆತ್ತಿಗಿಂತ ಒಂದು ಗೇಣು ಮೇಲಿತ್ತು.